ಯಾಕಾ ದೀಕ್ಷಾವಿಧಿಯ ಮೊಗವಾಡಗಳು

ಮಧ್ಯ ಆಫ್ರಿಕದ ನೈಋತ್ಯಭಾಗದಲ್ಲಿ, ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಕ್ವಾಂಗೊ ಪ್ರಾಂತದಲ್ಲಿಯೂ ಅದಕ್ಕೆ ತಗುಲಿದ ಅಂಗೋಲದ ಉತ್ತರದ ಅಂಚಿನಲ್ಲಿಯೂ ನೆಲೆಸಿರುವ ಯಾಕಾ ಜನರು, ತಮ್ಮ ಬಾಲಕರನ್ನು ಪುರುಷಸಮಾಜಕ್ಕೆ ಬರಮಾಡಿಕೊಳ್ಳುವ ನ್‌ಖಾಂಡ ಎಂಬ ದೀಕ್ಷಾವಿಧಿಯ ಸಮಾಪ್ತಿಯಲ್ಲಿ ಧರಿಸಿ ಕುಣಿಯುವ, ಮರದಲ್ಲಿ ಕೆತ್ತಿ, ನಾರುಬಟ್ಟೆಯ ಕಿರೀಟವನ್ನೇರಿಸಿ, ಬಣ್ಣ ಬಳಿದ ಮೊಗವಾಡಗಳು. ಮೇಲ್ಮುಖವಾಗಿ ಬಾಗಿದ ಮೂಗು, ಉಬ್ಬಿನಿಂತ ಕಣ್ಣುಗುಡ್ಡೆ, ಹಲ್ಲುಗಳ ಸಾಲನ್ನು ತೋರುವ ತೆರೆದ ಬಾಯಿ, ಶಿರದ ಮೇಲೆ ತಟ್ಟೆಗಳಂತೆ ಒಂದರ ಮೇಲೊಂದು ಏರಿದ ಅಥವಾ ಮನುಷ್ಯರ, ಪ್ರಾಣಿಗಳ, ಗುಡಿಸಿಲುಗಳ ಕಿರುಬೊಂಬೆಗಳಿಂದ ತುಂಬಿದ ವರ್ಣಮಯವಾದ ರಚನೆ, ಇವು ಇವನ್ನು ಮಿಕ್ಕೆಲ್ಲ ಆಫ್ರಿಕೀಯ ಮೊಗವಾಡಗಳಿಂದ ನೋಡಿದ ಮಾತ್ರಕ್ಕೆ ಪ್ರತ್ಯೇಕಿಸಿ ತೋರಿಸುವ ಲಕ್ಷಣಗಳು.

ಹೆಸರಿನ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ಉತ್ತರ ಕಾಂಗೊದ ದಟ್ಟಾರಣ್ಯಗಳಲ್ಲಿ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುವ ಆಕಾ ಎಂಬ ಜನರೂ ತಮ್ಮನ್ನು ಬಯಾಕಾ ಎಂದು ಕರೆದುಕೊಳ್ಳುವುದುಂಟು. ಆ ಜನರಿಗೂ ಈ ಲೇಖನದ ಯಾಕಾ ಜನರಿಗೂ ಭಾಷೆಯಲ್ಲಾಗಲಿ ನೆಲೆಯಲ್ಲಾಗಲಿ ಐಕ್ಯವಿಲ್ಲ. ಇನ್ನೊಂದು ಗೊಂದಲ ಇತಿಹಾಸಕ್ಕೆ ಸೇರಿದುದು. 1568ರಲ್ಲಿ ಕಾಂಗೊ ರಾಜ್ಯದ ಮೇಲೆ ನುಗ್ಗಿ ಅದರ ರಾಜಧಾನಿಯನ್ನು ಧ್ವಂಸಮಾಡಿದರೆಂದು ಪೋರ್ಚುಗೀಸರ ಬರಹಗಳಲ್ಲಿ ಬರುವ ಜಾಗಾ ಎಂಬವರು ಇವರ ಪೂರ್ವಜರೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. 1973ರಲ್ಲಿ ಜೋಸೆಫ್ ಮಿಲ್ಲರ್ ಅಂಥದೊಂದು ಆಕ್ರಮಣವೇ ನಡೆದಿಲ್ಲವೆಂದು ವಾದಿಸಿದರೆ, 1978ರಲ್ಲಿ ಜಾನ್ ಥಾರ್ನ್‌ಟನ್ ಅದಕ್ಕೆ ಪ್ರತಿಯಾಗಿ ಆ ಕಥನಕ್ಕೆ ಮತ್ತೆ ಜೀವ ತುಂಬಿದನು. ವಾದ ಇಂದಿಗೂ ಮುಗಿದಿಲ್ಲ.

ಯಾಕಾ ನಾಡು ಕ್ವಾಂಗೊ ನದಿಯ ಕಣಿವೆ ಮತ್ತು ಅದರ ಪಕ್ಕದ ಎತ್ತರದ ಮರಳುಭೂಮಿಕೆಯ ಹುಲ್ಲುಗಾವಲು. ಅಂಗೋಲದಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುವ ಆ ನದಿಯ ಮತ್ತು ಅದರ ಉಪನದಿಗಳ ದಡಗಳಲ್ಲಿ ಮಾತ್ರ ಅಡವಿಯ ಹಸಿರು ಪಟ್ಟಿಗಳು ಉಳಿದುಕೊಂಡಿವೆ. ಹೆಂಗಸರು ಮರಗೆಣಸು, ನೆಲಗಡಲೆ ಮುಂತಾದುವನ್ನು ಬೆಳೆಯುತ್ತಾರೆ. ಗಂಡಸರಿಗೆ ಬೇಟೆಯೇ ಗೌರವದ ಉದ್ಯೋಗ, ಬೇಟೆಯ ಪ್ರಾಣಿಗಳು ವಿರಳವಾದಮೇಲೂ ಆ ಗೌರವ ಇಳಿದಿಲ್ಲ. ಪೂರ್ವದಿಂದ ಬಂದ ಲುಂಡ ವಂಶೀಯರು ಇಲ್ಲಿನ ಹಳೆಯ ನೆಲದೊಡೆಯರ ಮೇಲೆ ತಮ್ಮ ಆಳ್ವಿಕೆಯನ್ನು ಸ್ಥಾಪಿಸಿದರು. ಆ ವಂಶದ ಅಧಿರಾಜನಿಗೆ ಕಿಯಾಂಫು ಎಂದು ಬಿರುದು, ಕಸೊಂಗೊ-ಲುಂಡ ಎಂಬುದು ಅವನ ಸ್ಥಾನ. ಪಶ್ಚಿಮದಲ್ಲಿ ಕಾಂಗೊ ಜನ, ಪೂರ್ವದಲ್ಲಿ ಸುಕು ಜನ, ವಾಯವ್ಯದಲ್ಲಿ ನ್ಕಾನು ಜನ, ಸುತ್ತ ಇನ್ನೂ ಮ್ಬಾಲ, ಹೋಲೊ, ಪೆಂಡೆ ಮೊದಲಾದವರು. ಇವರಲ್ಲಿ ಹಲವರಿಗೆ ದೀಕ್ಷಾವಿಧಿಯೂ ಅದರ ಮೊಗವಾಡವೂ ಸಮಾನವಾದ ಸೊತ್ತು. ಅಂಗೋಲ, ಜಾಂಬಿಯಾ ದೇಶಗಳವರೆಗೂ ಹರಡಿರುವ ಮುಕಾಂಡ ಎಂಬ ವಿಧಿಯ ಹೆಸರೇ ಇಲ್ಲಿ ನ್‌ಖಾಂಡ ಆಗಿದೆ. ಜಾಂಬಿಯಾದ ಲುವಾಲೆ, ಚೋಕ್ವೆ, ಲುಚಾಜಿ, ಮ್ಬುಂಡ ಜನರ ಮುಕಾಂಡದಲ್ಲಿ ಕುಣಿಯುವ ಮಕೀಶಿ ಮೊಗವಾಡಗಳನ್ನು 2005ರಲ್ಲಿ ಯುನೆಸ್ಕೊ ಸಂಸ್ಥೆ ಮನುಕುಲದ ಮೌಖಿಕ ಪರಂಪರೆಯ ಶ್ರೇಷ್ಠ ಕೃತಿಗಳಲ್ಲೊಂದೆಂದು ಘೋಷಿಸಿತು.

ಒಂದು ಪ್ರದೇಶದ ಊರುಗಳಲ್ಲಿ ಸುಮಾರು ಎಂಟರಿಂದ ಹದಿನೈದರವರೆಗಿನ ವಯಸ್ಸಿನ ಬಾಲಕರು ಸಾಕಷ್ಟು ಸಂಖ್ಯೆಯಲ್ಲಿ ಸೇರಿದಾಗ ಹಿರಿಯರು ನ್‌ಖಾಂಡವನ್ನು ನಡೆಸಲು ನಿಶ್ಚಯಿಸುವರು. ಊರಿನಿಂದ ದೂರದಲ್ಲಿ, ಅಡವಿಯ ಮರೆಯಲ್ಲಿ, ಬಾಲಕರಿಗೆಂದು ಒಂದು ವಸತಿ ನಿರ್ಮಾಣವಾಗುತ್ತದೆ. ಅಲ್ಲಿಗೆ ಹೆಂಗಸರೂ ದೀಕ್ಷೆಯಾಗದವರೂ ಸುಳಿಯುವಂತಿಲ್ಲ. ತಾಯಂದಿರು ಅನ್ನವನ್ನು ಬೇಯಿಸಿ ಕಳುಹಬಹುದು, ಮಗನ ಮುಖವನ್ನು ಕಾಣುವಂತಿಲ್ಲ. ಸುನ್ನತಿಯಿಂದ ವಿಧಿಯ ಆರಂಭ. ಗಾಯ ಮಾಯುವವರೆಗಿನ ದಿನಗಳು ಭಯದ ಮತ್ತು ವ್ರತನಿಯಮಗಳ ದಿನಗಳು. ಆಮೇಲೆ ಬೇಟೆಯ ಹಾದಿಗಳು, ಹಿರಿಯರೆದುರು ನಡೆದುಕೊಳ್ಳುವ ಬಗೆ, ಗುಟ್ಟಿನ ಹಾಡುಗಳು, ಕುಣಿತದ ಹೆಜ್ಜೆ, ಕೆಲವರಿಗೆ ಕೆತ್ತನೆಯ ಕೆಲಸ, ಇವುಗಳ ಶಿಕ್ಷಣ. ಹಿಂದೆ ಈ ಪ್ರತ್ಯೇಕವಾಸ ಒಂದೆರಡು ವರ್ಷಗಳು, ಕೆಲವೆಡೆ ಇನ್ನೂ ದೀರ್ಘಕಾಲ ನಡೆಯುತ್ತಿತ್ತು. ಬಾಲಕ ತನ್ನ ಬಾಲ್ಯಕ್ಕೆ ಸತ್ತನೆಂದೂ ಹಿಂತಿರುಗಿ ಬರುವವನು ಬೇರೊಬ್ಬನೆಂದೂ ಎಲ್ಲರೂ ಭಾವಿಸುವರು; ಹೊಸ ಹೆಸರನ್ನು ಹೊತ್ತು ಬರುವ ಅವನನ್ನು ತಾಯಿಯೂ ಆ ಹೆಸರಿನಿಂದಲೇ ಕರೆಯತಕ್ಕದ್ದು. ಈ ಎರಡು ಸ್ಥಿತಿಗಳ ನಡುವಣ ಹೊಸ್ತಿಲಿನಲ್ಲಿ ಮೊಗವಾಡ ನಿಂತಿದೆ. ಅಡವಿಯೊಳಗೆ ಹೋದದ್ದು ಒಂದು ಮುಖ, ಹೊರಕ್ಕೆ ಬಂದದ್ದು ಮರದ ಮುಖ, ಅದನ್ನು ಇಳಿಸಿದಾಗ ಕಾಣುವುದು ಗಂಡಸಿನ ಮುಖ.

ಆದರೆ ಸಮಾಪ್ತಿಯ ಉಲ್ಲಾಸದ ಮೊಗವಾಡಗಳಿಗಿಂತ ಮೊದಲು ವಿಧಿಯ ಆರಂಭದಲ್ಲಿ ಕಾಣಿಸಿಕೊಳ್ಳುವುದು ಅವಕ್ಕೆ ತೀರ ಭಿನ್ನವಾದ ಒಂದು ರೂಪ. ಅದರ ಹೆಸರು ಕಾಕೂಂಗು. ಆಳಿನ ತಲೆಗಿಂತ ಹಲವು ಪಟ್ಟು ದೊಡ್ಡದಾದ, ಊದಿದ ಗಲ್ಲಗಳ, ಭಾರವಾಗಿ ಮುಂಚಾಚಿದ ಗದ್ದದ, ಕೆಂಪು ಬಿಳಿ ಬಣ್ಣಗಳ ಈ ಮುಖ ಯಾಕಾ ಮತ್ತು ಸುಕು ಜನರಿಬ್ಬರಲ್ಲಿಯೂ ಉಂಟು. ಎಲ್ಲ ಮೊಗವಾಡಗಳಿಗಿಂತ ಹಳೆಯದೂ ಪ್ರಬಲವಾದದ್ದೂ ಇದೆಂಬುದು ಅವರ ನಂಬಿಕೆ. ಇದನ್ನು ಕುಣಿಸುವವನು ಬಾಲಕನಲ್ಲ. ದೀಕ್ಷಾವಾಸದ ಮಂತ್ರರಕ್ಷೆಯ ಹೊಣೆ ಹೊತ್ತ ಇಸಿದಿಕ ಎಂಬ ತಜ್ಞ. ಸುನ್ನತಿಯ ದಿನ ಅವನು ಈ ಮುಖದೊಡನೆ ಬಾಲಕರ ಮುಂದೆ ನಿಂತು, ಹಿರಿಯರಿಗೆ ವಿಧೇಯರಾಗಿರಬೇಕೆಂದೂ ಗುಟ್ಟನ್ನು ಹೊರಗೆಡಹಬಾರದೆಂದೂ ಎಚ್ಚರಿಸುವನು. ಬಾಲಕರ ಮೇಲೆ ಮಾಟವನ್ನು ಎಸಗಬಯಸುವವರಿಗೆ ಅದೇ ಮುಖ ಬೆದರಿಕೆ. ಮಳೆಗಾಳಿಗಳನ್ನು ತಡೆಯುವ, ಬಂಜೆತನವನ್ನು ನೀಗುವ ಸಾಮರ್ಥ್ಯವೂ ಅದಕ್ಕುಂಟೆಂದು ಹೇಳುವರು. ಇದು ಕೆಲಸ ಮುಗಿದೊಡನೆ ಬಿಸಾಡುವ ವಸ್ತುವಲ್ಲ. ತನ್ನದೇ ಆದ ಮರೆಯ ಸ್ಥಾನದಲ್ಲಿ ಜೋಪಾನವಾಗಿ ಉಳಿದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಲ್ಲುವಂಥದು. ಇದಲ್ಲದೆ ಮ್ವೇಲು ಎಂಬ ಇನ್ನೊಂದು ಬಗೆಯೂ ಇದೆ. ಅದು ಮರದ್ದಲ್ಲ, ನಾರಿನಿಂದ ಹೆಣೆದು ಹಕ್ಕಿಯ ಗರಿಗಳನ್ನು ಸಿಕ್ಕಿಸಿದ ಮುಸುಕು.

ಹೊರಬರುವ ದಿನಗಳ ಮೊಗವಾಡಗಳ ನಿರ್ಮಾಣವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಿರ್ಮಾಣದ ಕ್ರಮದಲ್ಲಿಯೇ ಅವುಗಳ ಸ್ವಭಾವ ಅಡಗಿದೆ. ಕೆತ್ತನೆಗೆ ಹಗುರವಾದ, ಮೆತ್ತನೆಯ ಮರವನ್ನು ಆಯ್ದುಕೊಳ್ಳುವರು. ಮುಖ್ಯ ಆಯುಧ ಬಾಚಿ. ಅದರಿಂದಲೇ ಮುಖದ ಉಬ್ಬು ತಗ್ಗುಗಳನ್ನೆಲ್ಲ ತೆಗೆದು, ಕೊನೆಯಲ್ಲಿ ಕತ್ತಿಯಿಂದ ನಯಮಾಡುವರು. ಮರದಲ್ಲಿ ಕೆತ್ತುವುದು ಮುಖವನ್ನೂ ಅದರ ಸುತ್ತಣ ಚೌಕಟ್ಟನ್ನೂ ಗದ್ದದ ಕೆಳಗೆ ಇಳಿದ ಒಂದು ಹಿಡಿಯನ್ನೂ ಮಾತ್ರ. ಶಿರೋಭಾಗವೆಲ್ಲ ಬೇರೊಂದು ಕೈಗೆಲಸ: ಬಳುಕುವ ಕಡ್ಡಿಗಳನ್ನು ಬಾಗಿಸಿ ಕಟ್ಟಿದ ಹಂದರ, ಅದರ ಮೇಲೆ ರಾಫಿಯಾ ತಾಳೆಯ ನಾರಿನಿಂದ ನೇಯ್ದ ಬಟ್ಟೆಯ ಹೊದಿಕೆ, ಅದರ ಮೇಲೆ ರಾಳದ ಲೇಪ, ಅದರ ಮೇಲೆ ಬಣ್ಣ. ಹಿಂದಿನ ಬಣ್ಣಗಳು ನೆಲದಿಂದಲೂ ಗಿಡಮರಗಳಿಂದಲೂ ದೊರೆತ ಬಿಳಿಮಣ್ಣು, ಕೆಂಪು, ಇದ್ದಿಲ ಕಪ್ಪು; ವರ್ತಕರ ಸರಕು ಬಂದಮೇಲೆ ಬಟ್ಟೆಗೆ ಹಾಕುವ ನೀಲಿಯೂ ಅಂಗಡಿಯ ಹೊಳಪಿನ ಬಣ್ಣಗಳೂ ಸೇರಿಕೊಂಡುವು. ಈ ನೀಲಿಯನ್ನು ಕಂಡು ಮೊಗವಾಡ ಕಲಬೆರಕೆಯಾಯಿತೆಂದು ಮರುಗಿದ ಸಂಗ್ರಾಹಕರಿದ್ದರು. ಹೊಸ ಬಣ್ಣ ದೊರೆತಾಗ ಅದನ್ನು ಹಿಗ್ಗಿನಿಂದ ಬಳಸಿದ ಕೆತ್ತನೆಗಾರನ ಕಣ್ಣೇ ಇಲ್ಲಿ ಹೆಚ್ಚು ನಂಬತಕ್ಕದ್ದೆಂದು ನನಗೆ ತೋರುತ್ತದೆ, ಏಕೆಂದರೆ ಕಣ್ಸೆಳೆಯುವುದೇ ಈ ಮೊಗವಾಡಗಳ ಉದ್ದೇಶ, ಹಳಮೆಯನ್ನು ನಟಿಸುವುದಲ್ಲ. ಬಣ್ಣ ಒಣಗಿದಮೇಲೆ ಮುಖದ ಸುತ್ತ ಕೆಳಗಿಳಿಯುವಂತೆ ದಟ್ಟವಾದ ನಾರಿನ ಕುಚ್ಚನ್ನು ಕಟ್ಟುವರು.

ಆ ಹಿಡಿಯ ಪ್ರಯೋಜನ ಇಲ್ಲಿಯೇ ತಿಳಿಯುತ್ತದೆ. ಯಾಕಾ ಬಾಲಕ ಮೊಗವಾಡವನ್ನು ತಲೆಗೆ ಬಿಗಿದು ಕಟ್ಟಿಕೊಳ್ಳುವುದಿಲ್ಲ. ಹಿಡಿಯನ್ನು ಕೈಯಲ್ಲಿ ಹಿಡಿದು ಮುಖದ ಮುಂದೆ ಒಡ್ಡಿಕೊಳ್ಳುತ್ತಾನೆ, ನಾರಿನ ಕುಚ್ಚು ಕೈಯನ್ನು ಮರೆಮಾಡುತ್ತದೆ. ಮುಖವನ್ನು ಎತ್ತುವುದು, ತಗ್ಗಿಸುವುದು, ಒಂದು ಪಕ್ಕಕ್ಕೆ ಓರೆಮಾಡುವುದು ಎಲ್ಲವೂ ಕೈಯ ಅಧೀನ. ಕುತ್ತಿಗೆಯ ಚಲನೆಗೆ ನಿಲುಕದ ಚುರುಕನ್ನು ಹೀಗೆ ಹಿಡಿದ ಮುಖ ಪಡೆಯುತ್ತದೆ. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಕುಚ್ಚು ಉದುರಿಹೋಗಿ ಹಿಡಿ ಬೋಳಾಗಿ ಕಾಣುವ ಮೊಗವಾಡವನ್ನು ನೋಡುವವನು, ಆ ಹಿಡಿಯನ್ನು ಕೇವಲ ನಿಲ್ಲಿಸಲು ಮಾಡಿದ ಕಾಲೆಂದು ಭಾವಿಸುವುದು ಸಹಜ. ವಾಸ್ತವವಾಗಿ ಆ ವಸ್ತುವಿನಲ್ಲಿ ಬಾಲಕನ ಬೆವರು ತಗುಲಿದ ಭಾಗ ಅದೊಂದೇ.

ಪ್ರಕಾರಗಳು ಹಲವು, ಅವುಗಳ ಹೆಸರುಗಳು ಊರಿನಿಂದ ಊರಿಗೆ ಸ್ವಲ್ಪಮಟ್ಟಿಗೆ ಪಲ್ಲಟಗೊಳ್ಳುತ್ತವೆ. ನ್‌ದೇಂಬ ಎಂಬುದು ಬಹು ಸಾಮಾನ್ಯವಾದುದು. ತ್ಸೆಕೆದಿ, ಮ್ಯೊಂಡೊ ಎಂಬವು ಅದರ ಜೊತೆಯವು. ಇವು ಪ್ರಾಯಶಃ ಜೋಡಿಜೋಡಿಯಾಗಿಯೇ ಕಣಕ್ಕೆ ಬರುತ್ತವೆ. ಕೊನೆಯಲ್ಲಿ, ಒಂಟಿಯಾಗಿ, ದೀಕ್ಷಿತರ ಮುಂದಾಳು ಕುಣಿಸುವ ಮೊಗವಾಡ ಖೋಲುಕ. ಕೆತ್ತನೆಗಾರನ ಕೌಶಲವೆಲ್ಲ ಇಲ್ಲಿ ಸೂರೆಯಾಗಿರುತ್ತದೆ. ಗೋಲಾಕಾರದ ಕಣ್ಣುಗಳು, ತುಟಿಗಳ ನಡುವೆ ಎರಡು ಸಾಲು ಹಲ್ಲು, ತಲೆಯ ಮೇಲಿನ ಗುಮ್ಮಟದಲ್ಲಿ ನಾರುಬಟ್ಟೆ ಮತ್ತು ಕಡ್ಡಿಗಳಿಂದ ಮಾಡಿದ ಒಂದು ಪುಟ್ಟ ಲೋಕವೇ: ಬೇಟೆಗಾರ, ಹಕ್ಕಿ, ನಾಲ್ಕುಕಾಲಿನ ಪ್ರಾಣಿ, ಗುಡಿಸಿಲು, ಪ್ರಸವಿಸುವ ಹೆಂಗಸು, ಕೂಡಿದ ಗಂಡುಹೆಣ್ಣು. ಕೊನೆಯವುಗಳನ್ನು ನೋಡಿ ಮಿಷನರಿಗಳು ಮುಖ ತಿರುಗಿಸಿದರು. ಕುಣಿತದೊಂದಿಗೆ ಹಾಡುವ ಹಾಡುಗಳೂ ಉಳಿದ ದಿನಗಳಲ್ಲಿ ಬಾಯಿಗೆ ತರಬಾರದ ಮಾತುಗಳಿಂದ ತುಂಬಿದವು. ಆದರೆ ಇದು ಉಚ್ಛೃಂಖಲತೆಯಲ್ಲ. ಸುನ್ನತಿಯ ಗಾಯದಿಂದ ಎದ್ದುಬಂದ ಬಾಲಕ ಇನ್ನು ಮುಂದೆ ಸಂತಾನವನ್ನು ಪಡೆಯಬಲ್ಲವನೆಂಬುದನ್ನು ಊರೆಲ್ಲ ನಗುತ್ತ ಒಪ್ಪಿಕೊಳ್ಳುವ ಗಳಿಗೆ ಅದು. ಮಾತಿಗೆ ಅಪ್ಪಣೆಯೂ ಆ ಗಳಿಗೆಗೆ ಮಾತ್ರ. ಅಡವಿಯಲ್ಲಿ ಗುಟ್ಟಾಗಿ ಕಲಿತದ್ದನ್ನು, ಹೇಳಬಹುದಾದಷ್ಟು, ಹಾಸ್ಯದ ಮುಸುಕಿನಲ್ಲಿ ತಾಯಂದಿರ ಮತ್ತು ಅಕ್ಕತಂಗಿಯರ ಎದುರಿಗೆ ತೋರಿಸುವ ಈ ಬಗೆ ಬಹು ಸೂಕ್ಷ್ಮವಾದ ಶಿಷ್ಟಾಚಾರವೇ ಹೊರತು ಅದರ ಭಂಗವಲ್ಲ. ಅಮೆರಿಕದ ಕಲಾವಿದ್ವಾಂಸ ಆರ್ಥರ್ ಬೂರ್ಜ್ವಾ 1982ರಲ್ಲಿ ಈ ಮೊಗವಾಡಗಳ ಲೈಂಗಿಕ ಸಂಕೇತಗಳನ್ನು ಕುರಿತೇ ಒಂದು ಪ್ರಬಂಧವನ್ನು ಬರೆದನು; 1984ರಲ್ಲಿ ಪ್ರಕಟವಾದ ಯಾಕಾ ಮತ್ತು ಸುಕು ಕಲೆಯನ್ನು ಕುರಿತ ಅವನ ಗ್ರಂಥ ಈ ವಿಷಯದಲ್ಲಿ ಇಂದಿಗೂ ಆಧಾರಭೂತವಾದುದು.

ಮೇಲಕ್ಕೆ ಬಾಗಿದ ಮೂಗಿನ ಅರ್ಥವನ್ನು ಕುರಿತು ಹಲವು ವ್ಯಾಖ್ಯಾನಗಳಿವೆ. ಆನೆಯ ಸೊಂಡಿಲೆಂದು ಕೆಲವರು, ಪುರುಷಲಿಂಗದ ಸಂಕೇತವೆಂದು ಮತ್ತೆ ಕೆಲವರು. ಬೇಟೆಯೂ ಪುರುಷತ್ವವೂ ಒಂದೇ ಗೌರವದ ಎರಡು ಹೆಸರುಗಳಾಗಿರುವ ಸಮಾಜದಲ್ಲಿ ಈ ಎರಡು ಅರ್ಥಗಳನ್ನು ಬೇರ್ಪಡಿಸಿ ಒಂದನ್ನೇ ಆರಿಸಬೇಕೆಂಬ ಹಟ ಅನಾವಶ್ಯಕ. ಇದೇ ಮೂಗು ಯಾಕಾ ಜನರ ಬಾಚಣಿಗೆ, ತಲೆದಿಂಬು, ಕಣಿಹೇಳುವವರು ಬಡಿಯುವ ಸೀಳುಡೋಲು ಇವುಗಳ ಮೇಲಣ ಮುಖಗಳಲ್ಲಿಯೂ ಆಗಾಗ ಕಾಣುತ್ತದೆ.

ಒಂದು ಊರಿನಲ್ಲಿ ಕುಣಿತ ಮುಗಿದಮೇಲೆ ಹೊಸ ದೀಕ್ಷಿತರು ಮೊಗವಾಡಗಳೊಡನೆ ನೆರೆಯೂರುಗಳಿಗೆ ಹೊರಡುವರು. ಅಲ್ಲಲ್ಲಿ ಕುಣಿದು ಕಾಣಿಕೆಗಳನ್ನು ಪಡೆಯುವರು. ಒಂದು ನ್‌ಖಾಂಡದ ಮೊಗವಾಡಗಳ ಚೆಲುವು ನಾಲ್ಕೂರಿನ ಮಾತಾಗುವುದು ಹೀಗೆ, ಕೆತ್ತನೆಗಾರನ ಹೆಸರು ಹಬ್ಬುವುದೂ ಹೀಗೆಯೇ. ಜರ್ಮನಿಯ ಜನಾಂಗಶಾಸ್ತ್ರಜ್ಞ ಹಾನ್ಸ್ ಹಿಮ್ಮೆಲ್‌ಹೆಬರ್, ಆಫ್ರಿಕದ ಕಲೆ ಅನಾಮಿಕವಾದ ಸಮುದಾಯದ ಸೃಷ್ಟಿಯೆಂಬ ಭಾವನೆ ಯುರೋಪಿನಲ್ಲಿ ಪ್ರಬಲವಾಗಿದ್ದ ಕಾಲದಲ್ಲಿ, ಈ ನಾಡಿಗೆ ಬಂದು ಕೆತ್ತನೆಗಾರರನ್ನೇ ಕಂಡು ಮಾತಾಡಿಸಿದವನು. ಯಾಕಾ ಮೊಗವಾಡಗಳನ್ನೂ ಅವುಗಳ ಶಿಲ್ಪಿಗಳನ್ನೂ ಕುರಿತು ಅವನು 1939ರಲ್ಲಿ ಪ್ರಕಟಿಸಿದ ಫ್ರೆಂಚ್ ಲೇಖನ ಈ ಕಾರಣದಿಂದ ಸ್ಮರಣೀಯ. ಅದಕ್ಕೂ ಮೊದಲು, 1930ರಲ್ಲಿ, ಜೆಸ್ವಿಟ್ ಪಾದ್ರಿ ಪ್ಲಾಂಕಾರ್ಟ್ ಯಾಕಾ ಜನರ ಗುಪ್ತಸಂಘಗಳನ್ನು ಕುರಿತು ಗ್ರಂಥ ಬರೆದಿದ್ದನು. ವಿಧಿಯನ್ನು ಮೆಚ್ಚದವನ ಬರಹವಾದರೂ ಇಂದು ಕಾಣಸಿಗದ ಎಷ್ಟೋ ವಿವರಗಳು ಅದರಲ್ಲಿ ಉಳಿದುಕೊಂಡಿವೆ. 1946ರಲ್ಲಿ ಬೆಲ್ಜಿಯಂನ ಫ್ರಾನ್ಸ್ ಓಲ್ಬ್ರೆಕ್ಟ್ಸ್ ಕಾಂಗೊ ಶಿಲ್ಪವನ್ನೆಲ್ಲ ಶೈಲಿಪ್ರದೇಶಗಳಾಗಿ ವಿಂಗಡಿಸಿದಾಗ ಯಾಕಾ ಶೈಲಿಗೂ ಅದರಲ್ಲಿ ಸ್ಥಾನ ದೊರೆಯಿತು. 1972ರಿಂದ 1974ರವರೆಗೆ ಉತ್ತರ ಯಾಕಾ ಊರುಗಳಲ್ಲಿ ವಾಸಮಾಡಿದ ಮಾನವಶಾಸ್ತ್ರಜ್ಞ ರೆನೆ ದೇವಿಷ್ ಮೊಗವಾಡಗಳಿಗಿಂತ ಹೆಚ್ಚಾಗಿ ಚಿಕಿತ್ಸೆ, ಫಲವಂತಿಕೆ, ನೇಯ್ಗೆ ಇವುಗಳ ಭಾವಸಂಬಂಧಗಳನ್ನು ಅಭ್ಯಾಸಮಾಡಿದವನು. ದೀಕ್ಷಾವಿಧಿ ಯಾವ ಬದುಕಿನ ಒಳಗಿನದೆಂಬುದು ಅವನ ಬರಹದಿಂದ ತಿಳಿಯುತ್ತದೆ.

ನೆರೆಯವರಾದ ಸುಕು ಜನರ ಪ್ರಸಿದ್ಧ ಮೊಗವಾಡ ಹೆಂಬ. ಇದು ಕೈಯಲ್ಲಿ ಹಿಡಿಯುವಂಥದಲ್ಲ. ಒಂದೇ ಮರದ ತುಂಡನ್ನು ಕೊರೆದು ಮಾಡಿದ, ತಲೆಯನ್ನೆಲ್ಲ ಮುಚ್ಚುವ ಟೋಪಿಯಂಥದು. ಬಿಳುಪಾದ ಮುಖ, ಇಳಿಗಣ್ಣು, ನೆತ್ತಿಯ ಮೇಲೆ ಒಂದು ಪ್ರಾಣಿ ಅಥವಾ ಮನುಷ್ಯನ ಬೊಂಬೆ. ಯಾಕಾ ಮೊಗವಾಡ ನಗಿಸುವಲ್ಲಿ ಇದು ಗಂಭೀರವಾಗಿ ಸುಮ್ಮನಿರುತ್ತದೆ. ನ್ಕಾನು ಜನರಾದರೋ ದೀಕ್ಷೆಯ ಸಮಾಪ್ತಿಯಲ್ಲಿ ಮೊಗವಾಡಗಳೊಂದಿಗೆ ಬಣ್ಣಬಣ್ಣದ ಕೆತ್ತನೆಯ ಹಲಗೆಗಳನ್ನು ನಿಲ್ಲಿಸಿ ಒಂದು ರಂಗಸ್ಥಳವನ್ನೇ ರಚಿಸುತ್ತಿದ್ದರು.

ಕುಣಿತಗಳೆಲ್ಲ ಮುಗಿದಮೇಲೆ ಖೋಲುಕವಾಗಲಿ ನ್‌ದೇಂಬವಾಗಲಿ ತನ್ನ ಕೆಲಸವನ್ನು ಪೂರೈಸಿದಂತೆ. ಅದನ್ನು ಸುಡುವುದೋ ಅಡವಿಯಲ್ಲಿ ಬಿಡುವುದೋ ವಾಡಿಕೆಯಾಗಿತ್ತು. ಮುಂದಿನ ತಂಡದ ಬಾಲಕರಿಗೆ ಹೊಸ ಮುಖಗಳೇ ಬೇಕು. ಹೊರಗಿನವರ ಸಂಗ್ರಹಗಳಿಗೆ ಈ ಮೊಗವಾಡಗಳು ಅಷ್ಟೊಂದು ಸಂಖ್ಯೆಯಲ್ಲಿ ಸೇರಿದ್ದಕ್ಕೆ ಇದೂ ಒಂದು ಕಾರಣ: ಬಿಸಾಡಬೇಕಾದುದನ್ನು ಕೊಳ್ಳಲು ಬಂದವನಿಗೆ ಕೊಡುವುದರಲ್ಲಿ ಹಾನಿ ಕಾಣಲಿಲ್ಲ. 1885ರಲ್ಲಿ ಬೆಲ್ಜಿಯಂನ ಲಿಯೊಪೋಲ್ಡ್ ದೊರೆಯ ಸ್ವಂತ ಸೊತ್ತಾಗಿ ಆರಂಭವಾಗಿ 1908ರಲ್ಲಿ ಬೆಲ್ಜಿಯಂ ಸರ್ಕಾರದ ವಶಕ್ಕೆ ಬಂದ ವಸಾಹತಿನ ಅಧಿಕಾರಿಗಳೂ, 1893ರಿಂದ ಕ್ವಾಂಗೊದಲ್ಲಿ ನೆಲೆಯೂರಿದ ಜೆಸ್ವಿಟ್ ಪಾದ್ರಿಗಳೂ, ವರ್ತಕರೂ ಇವನ್ನು ಸಾಗಿಸಿದರು. ಬ್ರಸೆಲ್ಸ್ ಸಮೀಪದ ತೆರ್ವೂರೆನ್‌ನಲ್ಲಿರುವ ಮಧ್ಯ ಆಫ್ರಿಕದ ರಾಜವಸ್ತುಸಂಗ್ರಹಾಲಯದಲ್ಲಿ ಈ ಪ್ರದೇಶದ ಮೊಗವಾಡಗಳ ಬಹು ದೊಡ್ಡ ಸಂಗ್ರಹವಿದೆ. ಒಂದು ದಿನದ ಬೆಳಕಿಗೆಂದು ಕಟ್ಟಿದ ನಾರು, ಕಡ್ಡಿ, ರಾಳಗಳ ರಚನೆಯನ್ನು ನೂರು ವರ್ಷ ಉಳಿಸುವುದು ಅಲ್ಲಿನ ಪಾಲಕರಿಗೆ ಸುಲಭದ ಕೆಲಸವಲ್ಲ. ಮರದ ಮುಖ ಉಳಿದು ಕಿರೀಟ ಕುಸಿದ ಉದಾಹರಣೆಗಳು ಅನೇಕ.

ಶಾಲೆ ಮತ್ತು ಪಟ್ಟಣಗಳು ನ್‌ಖಾಂಡದ ಕಾಲವನ್ನು ಕುಗ್ಗಿಸಿದುವು. ವರ್ಷಗಳ ವಾಸ ತಿಂಗಳುಗಳಿಗೆ ಇಳಿದು, ಆಮೇಲೆ ಶಾಲೆಯ ದೀರ್ಘರಜೆಯ ವಾರಗಳಿಗೆ ಇಳಿಯಿತು. ಸುನ್ನತಿಯನ್ನು ಆಸ್ಪತ್ರೆಯಲ್ಲಿ ಮಾಡಿಸುವವರು ಹೆಚ್ಚಾದರು. ಉದ್ಯೋಗವನ್ನರಸಿ ಕಿನ್ಶಾಸಾಕ್ಕೆ ಹೋದ ಯಾಕಾ ಕುಟುಂಬಗಳ ಮಕ್ಕಳಿಗೆ ಅಡವಿಯ ವಸತಿ ದೂರದ ಮಾತಾಯಿತು. ಮೊಗವಾಡವನ್ನು ಕೆತ್ತುವ ಕೈಗಳು ನಿಂತುಹೋಗಲಿಲ್ಲ. ಆದರೆ ಮಾರಾಟಕ್ಕೆಂದೇ ಕೆತ್ತಿದ ಮುಖಗಳಲ್ಲಿ ಹಿಡಿ ಹೆಸರಿಗಷ್ಟೇ ಇರುತ್ತದೆ, ಕೈಗೆ ಒಗ್ಗುವಂತೆ ಇರುವುದಿಲ್ಲ.

2022ರ ಜೂನ್ 8ರಂದು ಬೆಲ್ಜಿಯಂನ ದೊರೆ ಫಿಲಿಪ್ಪನು ಕಿನ್ಶಾಸಾದಲ್ಲಿ, 2019ರಲ್ಲಿ ತೆರೆದ ಹೊಸ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ, ತೆರ್ವೂರೆನ್‌ನಲ್ಲಿದ್ದ ಸುಕು ಜನರ ಒಂದು ಕಾಕೂಂಗು ಮೊಗವಾಡವನ್ನು ಕಾಂಗೊದ ಅಧ್ಯಕ್ಷ ಷಿಸೆಕೆದಿಯವರ ಸಮ್ಮುಖದಲ್ಲಿ ಒಪ್ಪಿಸಿದನು. ದಾನವೆಂದಲ್ಲ, ಮರಳಿಕೆಯೆಂದೂ ಅಲ್ಲ, ಅವಧಿಯಿಲ್ಲದ ಎರವಲೆಂದು. 1950ರ ದಶಕದಲ್ಲಿ ಊರನ್ನು ಬಿಟ್ಟುಹೋದ ಆ ಭಾರವಾದ ಗದ್ದದ, ಊದಿದ ಗಲ್ಲದ ಮುಖ ತನ್ನ ದೇಶಕ್ಕೆ ಬಂದಿದೆ. ಅದನ್ನು ಎತ್ತಿ ಬಾಲಕರ ಮುಂದೆ ನಿಲ್ಲತಕ್ಕ ಇಸಿದಿಕನ ಊರು ಅಲ್ಲಿಂದ ಇನ್ನೂ ದೂರದಲ್ಲಿ, ಆಗ್ನೇಯದ ಹುಲ್ಲುಗಾವಲುಗಳಾಚೆಗೆ ಇದೆ.